ಒಂಬತ್ತು ನಿಮಿಷದ ದೀಪ

ಕಾಡವ್ವನ ಬಲಗಿವಿಯ ಪಕ್ಕ ಬೆಳ್ಳಿಹಾಳೆಯ ತುದಿ ಒಂಚೂರು ಮೇಲೆದ್ದಿದೆ, ಪೂರ್ಣಿಮಾ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೂರಿಸುತ್ತಾಳೆ, ಬೆಳಕು ಒಳಗೆ ನುಸುಳಬಾರದು, ಮುಲಾಮು ಚರ್ಮದೊಳಗೆ ಇಳಿಯಲು ಮೂರು ತಾಸಿನ ಕತ್ತಲೆ ಬೇಕು, ಆ ಮೂರು ತಾಸಿನಲ್ಲಿ ಈಗ ಉಳಿದಿರುವುದು ಇಪ್ಪತ್ತು ನಿಮಿಷ — ಇಪ್ಪತ್ತು ನಿಮಿಷದೊಳಗೆ ಹೇಳಿಬಿಡಬೇಕು, ಶಶಿಧರ ಡಾಕ್ಟರು ಬಂದು ಕೆಂಪು ದೀಪ ಹಚ್ಚುವ ಮೊದಲು ಹೇಳಿಬಿಡಬೇಕು, ಹೇಳುವುದೇನು ಮಹಾ, ಸರ್, ಹೋದ ಸಲ ಕೇಸ್ ಪೇಪರಿನ್ಯಾಗ ನೋವು ನಾಕು ಅಂತ ಬರದೇನಲ್ಲ, ಅದು ಖರೇ ಅಲ್ಲರಿ, ಇಷ್ಟೇ, ಒಂದು ಉಸಿರಿನ ಮಾತು, ಆದರೆ ಇಪ್ಪತ್ತೆರಡು ದಿನದಿಂದ ಅದನ್ನು ಮುಂದೂಡುತ್ತಲೇ ಬಂದಿದ್ದಾಳೆ. ಕಾಡವ್ವ ಕಣ್ಣು ಮುಚ್ಚಿ ಮಲಗಿದ್ದಾರೆ, ಐವತ್ತೆರಡರ ಹೆಂಗಸು, ಖಾನಾಪುರ ತಾಲೂಕಿನ ಬೀಡಿ ಊರಿನವರು, ಹುಟ್ಟಿನಿಂದಲೇ ಮೈಗೆ ಬಣ್ಣವಿಲ್ಲ, ಹುಬ್ಬು ರೆಪ್ಪೆ ತಲೆಗೂದಲು ಎಲ್ಲವೂ ಹತ್ತಿಯಷ್ಟು ಬಿಳಿ, ಅಂಥ ಚರ್ಮ ಹೊತ್ತುಕೊಂಡು ನಲವತ್ತು ವರ್ಷ ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರು, ತಲೆಯ ಮೇಲಿನ ಸೆರಗು ಬಿಟ್ಟರೆ ಬೇರೆ ನೆರಳಿಲ್ಲ, ಈಗ ಹಣೆಯ ಬಲಭಾಗದಲ್ಲಿ, ಕೆನ್ನೆಯಲ್ಲಿ, ಕುತ್ತಿಗೆಯಲ್ಲಿ, ಬಲ ಮುಂಗೈಯ ಮೇಲೆ, ಒರಟೊರಟು ಕೆಂಪು ಹೊಪ್ಪಳೆಗಳು, ಉಪ್ಪಿನ ಹರಳು ಅಂಟಿಕೊಂಡ ಹಾಗೆ ಕೈಗೆ ತಾಗುವಂಥವು. ಇದು ಇನ್ನಾ ಕ್ಯಾನ್ಸರ್ ಅಲ್ಲ, ಆದ್ರ ಹಂಗ ಬಿಟ್ರ ಆಗಬಹುದು, ಎರಡು ಸಲ ದೀಪ ಹಿಡಸಬೇಕು, ಒಂದ ಸಲ ಮಾಡಿ ಬಿಟ್ರ ಅರ್ಧಾ ಉಳದಂಗ ಅಂದಿದ್ದರು ಡಾಕ್ಟರು, ಅದನ್ನು ಕಾಡವ್ವನಿಗೆ ಬಿಡಿಸಿ ಹೇಳಿದವಳು ತಾನೇ, ಭಾಳ ಉರೀತೈತಿ ಅಂತ ಹೇಳಿದವಳೂ ತಾನೇ, ಉರಿ ಕಡಿಮೆ ಮಾಡುವುದು ನನ್ನ ಕೆಲಸ ಅಂತ ಎದೆ ತಟ್ಟಿಕೊಂಡವಳೂ ತಾನೇ. ಹಿಂದವಾಡಿಯ ಈ ದವಾಖಾನೆಯಲ್ಲಿ ಆ ದೀಪದ ಕೋಣೆಗೆ ಆಕೆಯೊಬ್ಬಳೇ ನರ್ಸು, ತಣ್ಣನೆಯ ಗಾಳಿಯ ಪೈಪು ಹಿಡಿಯುವುದು, ನೀರು ಸಿಂಪಡಿಸುವುದು, ತಡೆಯಲಾರದಾಗ ದೀಪ ನಿಲ್ಲಿಸಿ ಎರಡು ನಿಮಿಷ ಸುಧಾರಿಸಿಕೊಳ್ಳಲು ಬಿಡುವುದು, ಇದ್ದಷ್ಟೂ ಕೆಲಸ ಇಷ್ಟೇ, ಕಾಯುವುದು ಮತ್ತು ನೋಡುವುದು.

ಲಿಂಗವನ್ನು ಕೈಯಲ್ಲಿ ಹಿಡಿದುಕೊಳ್ಳಿ ಅಂದವಳೂ ತಾನೇ ಅಲ್ಲವೇ. ಹೋದ ಸಲ ಕುತ್ತಿಗೆಯ ಹೊಪ್ಪಳೆಗಳ ಮೇಲೆ ಲಿಂಗದ ಕರಡಿಗೆ ಕಟ್ಟಿದ ಶಿವದಾರ ಅಡ್ಡ ಬರುತ್ತಿತ್ತು, ತೆಗೀರಿ ಅಂದದ್ದೇ ತಡ ಕಾಡವ್ವ ಗಾಬರಿಯಾಗಿ ಎದ್ದು ಕೂತರು, ಲಿಂಗ ಮೈ ಬಿಟ್ಟು ಇರಬಾರದ್ರಿ ಯವ್ವಾ ಅಂದರು, ಆಕೆಗೇನು ಗೊತ್ತಿಲ್ಲವೇ, ಶಹಾಪುರದ ಮನೆಯಲ್ಲಿ ಅಜ್ಜ ಸ್ನಾನಕ್ಕೆ ಕೂತಾಗಲೂ ಅದನ್ನು ಕೊರಳಿನಿಂದ ಇಳಿಸಿದವನಲ್ಲ, ನಮ್ಮವರೇ ಅನ್ನುವ ಸಲಿಗೆ ಬಂತು, ಕರಡಿಗಿ ತೆಗದು ಲಿಂಗ ಎಡಗೈಯಾಗ ಹಿಡಕೊಂಡು ಮಲಗ್ರಿ, ಯಾರೂ ಏನೂ ಅನ್ನೂದಿಲ್ಲ ಅಂದಳು, ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಳು ಕೂಡ. ಎರಡು ನಿಮಿಷ ಬಿಟ್ಟು ಅದೇ ಬಾಯಿಯಿಂದ, ಉರಿ ತಡಿಯಾಕ ಆಗ್ಲಿಲ್ಲಂದ್ರ ಎಡಗೈ ಮ್ಯಾಲೆ ಎತ್ರಿ, ಮಾತಾಡಬ್ಯಾಡ್ರಿ ಮುಖ ಅಲುಗಾಡ್ತೈತಿ, ಬಲಗೈ ದೀಪದ ಬುಡಕ ಇರ್ತೈತಿ ಅದನ್ನ ಸರಸಬ್ಯಾಡ್ರಿ, ಬರೇ ಎಡಗೈ ಎತ್ರಿ, ನಾ ನೋಡತಿರ್ತೇನಿ. ನಾ ನೋಡತಿರ್ತೇನಿ ಅಂದಿದ್ದಳು. ದೀಪ ಹತ್ತಿತು, ಕೋಣೆಯೆಲ್ಲ ಕೆಂಪಾಯಿತು, ಎರಡನೆಯ ನಿಮಿಷ ಮುಗಿಯುವ ಮೊದಲೇ ಆ ಬಿಳಿಯ ಕೈ ಮೇಲೆದ್ದಿತು, ಅಂಗೈಯ ನಡುವೆ ಕಪ್ಪು ಲಿಂಗ, ಬೀಳದ ಹಾಗೆ ಬೆರಳುಗಳನ್ನು ಸುತ್ತಲೂ ಮಡಿಸಿ, ಮುಖದ ಮಟ್ಟಕ್ಕೆ, ಅಜ್ಜ ಹಿಡಿಯುತ್ತಿದ್ದ ಹಾಗೆಯೇ — ಆಗ ಆಕೆಗೆ ಏಳು ವರ್ಷ, ಮಗ್ಗದ ಮನೆಯಲ್ಲಿ ಬೆಕ್ಕು ಮರಿ ಹಾಕಿದೆ ಅಂತ ಹೇಳಲು ಅಜ್ಜಾ ಅಜ್ಜಾ ಎನ್ನುತ್ತ ದೇವರ ಕೋಣೆಗೆ ನುಗ್ಗಿದ್ದಳು, ಅಜ್ಜ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತ ಕೂತಿದ್ದ, ಹಿಂದಿನಿಂದ ಅಜ್ಜಿಯ ಕೈ ಬಂದು ಕಪಾಳಕ್ಕೆ ಬಾರಿಸಿತು, ಲಿಂಗಪೂಜಿಗೆ ಕುಂತವರನ್ನ ಮಾತಾಡಸ್ತಾರೇನ, ಅಂದಿನಿಂದ ಯಾರಾದರೂ ಅಂಗೈ ಮೇಲೆ ಲಿಂಗ ಹಿಡಿದದ್ದು ಕಂಡರೆ ಸಾಕು ಆಕೆಯ ನಾಲಿಗೆ ತಾನಾಗಿ ಮಡಚಿಕೊಳ್ಳುತ್ತದೆ, ಕಾಲು ಹಿಂದೆ ಸರಿಯುತ್ತದೆ. ಹಾಗೆಯೇ ಸರಿಯಿತು. ಪೂಜೆ ಮಾಡುತ್ತಿದ್ದಾರೆ ಅಂದುಕೊಂಡಳು. ನೋವಿನಲ್ಲಿ ದೇವರನ್ನು ನೆನೆಯುತ್ತಿದ್ದಾರೆ, ಪಾಪ, ನಡುವೆ ಬಾಯಿ ಹಾಕಬಾರದು ಅಂದುಕೊಂಡಳು.

ಅಂದುಕೊಂಡಳು, ಹೌದು, ಎಷ್ಟು ಹೊತ್ತು ಅಂದುಕೊಂಡಳು, ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು, ಆಮೇಲಿನದಕ್ಕೆ ಏನು ಹೆಸರಿಡುವುದು. ಕಾಡವ್ವನ ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿದವಳು ತಾನೇ, ದೀಪದ ಬೆಳಕು ತಾಗದಿರಲಿ ಅಂತ ಅಂಚಿಗೆಲ್ಲ ಪಟ್ಟಿ ಹಚ್ಚಿದವಳು ತಾನೇ, ಏನೂ ಕಾಣದವರು ಲಿಂಗವನ್ನು ಮುಖದೆದುರು ಎತ್ತಿ ಏನು ನೋಡುತ್ತಾರೆ, ಇಷ್ಟು ತಿಳಿಯದೆ ಹೋಯಿತೇ, ಅಲ್ಲದೆ ಆ ಕೈ ನಡುಗುತ್ತಿತ್ತು, ಮಣಿಕಟ್ಟಿನಿಂದ ಮೊಣಕೈವರೆಗೆ ನಡುಗುತ್ತಿತ್ತು, ಅಜ್ಜನ ಕೈ ಒಂದು ದಿನವೂ ನಡುಗಿದ್ದಿಲ್ಲ, ಎಪ್ಪತ್ತೆಂಟರ ವಯಸ್ಸಿನಲ್ಲೂ ನಡುಗಿದ್ದಿಲ್ಲ, ಪೂಜೆಯ ಕೈ ಹೇಗಿರುತ್ತದೆ ಅಂತ ಈ ಊರಿನಲ್ಲಿ ಆಕೆಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು. ನೋಡಿದಳು. ನಡುಕ ನೋಡಿದಳು, ನೋಡಿ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು — ಇದು, ಇದನ್ನು ಯಾರಿಗೂ ಹೇಳಿಲ್ಲ, ಗಂಡ ವಿನಯನಿಗೂ ಹೇಳಿಲ್ಲ, ಯಾಕೆಂದರೆ ಆ ಫೋನಿನಲ್ಲಿದ್ದವನು ವಿನಯನೇ, ಸಮೃದ್ಧಿಯ ಸಾಲ್ಯಾಗ ಎರಡಕ್ಕ ಮೀಟಿಂಗ್ ಐತಿ, ಹೋದ ಸಲನೂ ನೀ ಹೋಗಲಿಲ್ಲ, ಈ ಸಲ ತಪ್ಪಸಬ್ಯಾಡ, ಮಗಳು ಮಾರಿ ಸಣ್ಣದ ಮಾಡಕೊಂಡು ಕುಂತಾಳ ಅಂತ ಬರೆದಿದ್ದ, ಆಗ ಒಂದು ಗಂಟೆ ಹತ್ತು ನಿಮಿಷ, ದೀಪ ಒಂಬತ್ತು ನಿಮಿಷ, ಒಮ್ಮೆ ನಿಲ್ಲಿಸಿದರೆ ಎರಡು ನಿಮಿಷ ಹೆಚ್ಚು, ಎರಡು ಸಲ ನಿಲ್ಲಿಸಿದರೆ ನಾಲ್ಕು, ಆಮೇಲೆ ಪಟ್ಟಿ, ಆಮೇಲೆ ಕೇಸ್ ಪೇಪರ್, ಆಮೇಲೆ ಸ್ಕೂಟಿ ತೆಗೆದು ಸಾಲೆ ಮುಟ್ಟುವುದು, ಈ ಲೆಕ್ಕ ಆಕೆ ಮಾಡಿದ್ದಳು, ಕೈ ಮೇಲೆದ್ದಿರುವಾಗಲೇ ಮಾಡಿದ್ದಳು. ಎರಡೂ ಕೈಯಿಂದ ಉತ್ತರ ಬರೆಯಬೇಕಿತ್ತಲ್ಲ, ಅದಕ್ಕೆ ಗಾಳಿಯ ಪೈಪನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ್ದಳು, ಅದು ಜಾರಿ ಕೆಳಗೆ ಬಾಗಿ, ತಣ್ಣನೆಯ ಗಾಳಿ ಅಷ್ಟೂ ಹೊತ್ತು ತಲೆದಿಂಬಿಗೆ ಬೀಸುತ್ತಿತ್ತು, ಹಣೆಗಲ್ಲ, ದಿಂಬಿಗೆ. ಆರನೆಯ ನಿಮಿಷದಲ್ಲಿ ಆ ಕೈ ತಾನಾಗಿ ಕೆಳಗಿಳಿಯಿತು. ಇಳಿದಾಗ ಆಕೆಗೆ ಹಾಯೆನಿಸಿತು, ಪೂಜೆ ಮುಗಿಯಿತು ನೋಡು, ಅಂತ ತನಗೆ ತಾನೇ ಹೇಳಿಕೊಂಡಳು, ಎಂಥ ನಾಚಿಕೆಗೆಟ್ಟ ಮಾತು. ದೀಪ ಆರಿಸಿ ಕನ್ನಡಕ ಬಿಚ್ಚಿದಾಗ ಕಾಡವ್ವನ ಕೆಳತುಟಿಯ ಮೇಲೆ ಹಲ್ಲಿನ ಗುರುತು ಮೂಡಿ ರಕ್ತ ಒಸರುತ್ತಿತ್ತು. ಕೇಸ್ ಪೇಪರಿನಲ್ಲಿ ಒಂದು ಕಲಮು ಇದೆ, ನೋವು ಎಷ್ಟಿತ್ತು, ಸೊನ್ನೆಯಿಂದ ಹತ್ತರೊಳಗೆ ರೋಗಿಯೇ ಹೇಳಬೇಕು, ಕೇಳಬೇಕು, ಆಕೆ ಕೇಳಲಿಲ್ಲ, ಕೇಳಿದರೆ ಹತ್ತು ಅನ್ನುತ್ತಾರೆ ಅಂತ ಗೊತ್ತಿತ್ತು, ಎರಡು ಬರೆದರೆ ಯಾರೂ ನಂಬುವುದಿಲ್ಲ, ಏಳು ಬರೆದರೆ ಯಾಕೆ ನಿಲ್ಲಿಸಲಿಲ್ಲ ಅನ್ನುತ್ತಾರೆ, ನಾಲ್ಕು ಬರೆದಳು. ಸಾಲೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದಳು. ಟೀಚರು ಐದು ನಿಮಿಷ ಮಾತಾಡಿದರು, ಹುಡುಗಿ ಚಲೋ ಅದಾಳ, ಏನೂ ಕಾಳಜಿ ಇಲ್ಲ ಅಂದರು.

ಹತ್ತು ದಿನಕ್ಕೆ ಎರಡನೆಯ ಸಲ ಬರಬೇಕಿತ್ತು, ಕಾಡವ್ವ ಬರಲಿಲ್ಲ. ಫೋನು ಮಾಡಿದರೆ ಎತ್ತಿದವನು ತಮ್ಮ ಮುತ್ತಪ್ಪ, ಅಕ್ಕ ಒಲ್ಲೆ ಅಂತಾಳ್ರಿ, ಯಾಕಂದ್ರ ಬಾಯಿನ ಬಿಡೂದಿಲ್ಲ, ನೀವರ ಬಂದು ಹೇಳ್ರಿ ಅಂದ. ಡಾಕ್ಟರಿಗೆ ತಲೆನೋವು ಬೇರೆ, ಕೆನ್ನೆಯ ಮೇಲಿನ ಒಂದು ಹೊಪ್ಪಳೆ ಅವರಿಗೆ ಸರಿ ಕಂಡಿರಲಿಲ್ಲ, ಬಿಟ್ರ ಅದು ಕೆಡತೈತಿ ಸಿಸ್ಟರ್ ಅಂದರು. ಹಾಗಾಗಿ ಹೋದ ಭಾನುವಾರ ಪೂರ್ಣಿಮಾ ಬಸ್ಸು ಹತ್ತಿದಳು, ಯಾರೂ ಕಳಿಸಿರಲಿಲ್ಲ, ಹೋಗಿ ಕಾಲು ಹಿಡಿದು ಎಲ್ಲಾ ಹೇಳಿಬಿಡುತ್ತೇನೆ ಅಂತಲೇ ಹೊರಟಿದ್ದು, ಗಣೇಬೈಲ ದಾಟುವಾಗ ಮಾತು ತುಟಿಯ ಮೇಲೇ ಇತ್ತು, ಖಾನಾಪುರದ ಸ್ಟ್ಯಾಂಡಿನಲ್ಲಿ ಬೀಡಿಯ ಬಸ್ಸಿಗೆ ಮುಕ್ಕಾಲು ತಾಸು ಕಾಯುವಾಗ ಪಕ್ಕದಲ್ಲಿ ಕೂತ ಮುದುಕಿ ಮರಾಠಿಯಲ್ಲಿ ಯಾರ ಮನೆಗೆ ಅಂತ ಕೇಳಿದ್ದಳು, ಪಾಹುಣ್ಯಾರ ಮನೆಗೆ ಅಂದಿದ್ದಳು, ನೆಂಟರಂತೆ, ಎಂಥ ನೆಂಟರು, ನಂದಗಡ ದಾಟಿದ ಮೇಲೆ ವಾಪಸು ಬಸ್ಸು ಎಷ್ಟಕ್ಕೆ ಅಂತ ಕಂಡಕ್ಟರನನ್ನು ಕೇಳಿದಳು. ಕಾಡವ್ವ ಪಡಸಾಲೆಯ ಒಳಗೋಡೆಗೆ ಒರಗಿ, ಬಿಸಿಲಿಗೆ ಬೆನ್ನು ಹಾಕಿ, ಶ್ಯಾವಿಗೆ ಹೊಸೆಯುತ್ತಿದ್ದರು, ಬೆಳಕಿಗೆ ಕಣ್ಣು ಕಿರಿದು ಮಾಡಿ ಯಾರು ಅಂತ ನೋಡಿ, ಅಯ್ಯ ನಮ್ಮ ಸಿಸ್ಟರ್, ಬರ್ರಿ ಕುಂದರ್ರಿ ಅಂತ ಚಾಪೆ ಕೊಡವಿದರು, ಆ ಮುಖದಲ್ಲಿ ಸಿಟ್ಟಿನ ಸುಳಿವಿಲ್ಲ, ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ದೀಪದ ಬದ್ಲಿ ಹೊರಗ ಹಗಲ ಬೆಳಕಿನ್ಯಾಗ ಎರಡು ತಾಸು ಕುಂದ್ರಸಿ ಮಾಡೂದು ಒಂದೈತಿ, ಅದರಾಗ ಉರಿ ಭಾಳ ಕಡಿಮಿ, ಬೇಕಂದ್ರ ಡಾಕ್ಟರನ್ನ ಕೇಳ್ತೇನಿ ಅಂದಳು ಪೂರ್ಣಿಮಾ, ಕಾಡವ್ವ ನಕ್ಕೇ ಬಿಟ್ಟರು, ನಲವತ್ತು ವರ್ಷ ಬಿಸಲಾಗ ನಿಂತು ಇದನ್ನ ಗಳಿಸೇನಿ, ಮತ್ತ ಹೊರಗಽ ಕುಂದ್ರಸ್ತೀರೇನ ನನ್ನ, ಬ್ಯಾಡ್ರಿ, ಹಗಲಂದ್ರ ನನಗ ಅಂಜಿಕಿ. ಆಮೇಲೆ ಹಿಟ್ಟಿನ ಕೈಯನ್ನು ಮಡಿಲಿನಲ್ಲಿಟ್ಟುಕೊಂಡು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದರು, ಆವತ್ತ ನಾ ಕೈ ಎತ್ತಿದ್ನೆಲ್ಲರಿ, ನೀವು ಸುಮ್ನ ಇದ್ರಿ, ಆಗ ತಿಳೀತು ಇದು ತಡಕೋಬೇಕಾದ್ದು, ನಿಲ್ಲಸಾಕ ಬರೂದಿಲ್ಲ ಅಂತ, ನಿಮ್ಮ ತಪ್ಪೇನಿಲ್ಲ, ನನಗ ಮತ್ತೊಮ್ಮೆ ತಡಕೊಳ್ಳೂ ತಾಕತ್ತಿಲ್ಲ ಯವ್ವಾ, ಅದಕ್ಕ ಒಲ್ಲೆ ಅಂದೆ. ಅದೇ ಹೊತ್ತು, ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಈ ಜನ್ಮದಲ್ಲಿ ಬರುವುದಿಲ್ಲ, ಬಾಯಿ ತೆರೆದಳು, ತೆರೆದ ಬಾಯಿಯಿಂದ ಬಂದದ್ದು, ಈ ಸಲ ಹಂಗ ಆಗೂದಿಲ್ರಿ ಕಾಡವ್ವಾರ, ನಾ ಹಂತೇಕ, ನಿಮ್ಮ ಮಗ್ಗಲಾಗ ಇರ್ತೇನಿ. ಚಹಾ ಕುಡಿದಳು. ನೀವು ಇಷ್ಟು ದೂರ ನನ್ನ ಸಲುವಾಗಿ ಬಂದೀರಂದ ಮ್ಯಾಲೆ ನಾ ಬರಲಿಲ್ಲಂದ್ರ ಚಲೋ ಅನಸೂದಿಲ್ಲ, ಬರ್ತೇನಿ ಅಂದರು ಕಾಡವ್ವ, ಒಂದು ಪೊಟ್ಟಣ ಶ್ಯಾವಿಗೆ ಕಟ್ಟಿಕೊಟ್ಟರು, ಮರುದಿನ ಸಮೃದ್ಧಿ ಅದರ ಪಾಯಸ ಎರಡು ಸಲ ಹಾಕಿಸಿಕೊಂಡಳು, ಅವ್ವಾ ನೀನ್ಯಾಕ ಒಲ್ಲೆ ಅಂತಿ ಅಂದಳು, ಹಸಿವಿಲ್ಲ ಅಂದಳು ಪೂರ್ಣಿಮಾ.

ಬಾಗಿಲು ತೆರೆಯಿತು, ಡಾಕ್ಟರು ಬಂದೇ ಬಿಟ್ಟರು, ಇಪ್ಪತ್ತು ನಿಮಿಷ ಎಲ್ಲಿ ಹೋಯಿತು, ಬೆಳ್ಳಿಹಾಳೆಯ ತುದಿಯ ಮೇಲೆ ಇನ್ನೂ ಹೆಬ್ಬೆರಳು ಇದೆ. ಹೆಂಗದೀರಿ ಕಾಡವ್ವಾರ ಅಂದರು, ಆರಾಮ ಅದೇನಿ ಸಾಹೇಬ್ರ ಅಂದರು ಕಾಡವ್ವ, ಡಾಕ್ಟರು ಕೇಸ್ ಪೇಪರ್ ತಿರುವುತ್ತಾರೆ, ಕನ್ನಡಕ ಮೂಗಿನ ಮೇಲೆ ಇಳಿಯುತ್ತದೆ, ಬೆರಳು ಆ ಕಲಮಿಗೆ ಬಂದು ನಿಲ್ಲುತ್ತದೆ, ಹೋದ ಸಲ ನಾಕ ಇತ್ತಲ್ಲ, ಹಂಗಾದ್ರ ಹಣಿಗೆ ಜೋಮು ಹಿಡಸೂ ಭೂಲಿನ ಇಂಜೆಕ್ಷನ್ ಯಾಕ ಬೇಕು, ಸುಮ್ನ ಇನ್ನೊಂದು ಚುಚ್ಚೂದು, ಗಾಳಿ ಸಾಕು, ಏನಂತೀರಿ ಸಿಸ್ಟರ್. ಏನನ್ನುತ್ತಾಳೆ ಸಿಸ್ಟರ್, ಕೊಟ್ಟರೆ ಚಲೋ ಸರ್ ಅನ್ನಬಹುದು, ಅವರಿಗೆ ಅಂಜಿಕೆ ಐತಿ ಸರ್ ಅನ್ನಬಹುದು, ಸುಳ್ಳನ್ನು ಮುಟ್ಟದೆಯೇ ಇಂಜೆಕ್ಷನ್ ಕೊಡಿಸಿಬಿಡಬಹುದು, ಎಷ್ಟು ಜಾಣ ತಲೆ ಇದು, ಈಗಲೂ ದಾರಿ ಹುಡುಕುತ್ತಿದೆ, ಅಷ್ಟರಲ್ಲಿ ಕಾಡವ್ವ ಕಣ್ಣು ಮುಚ್ಚಿಕೊಂಡೇ, ಬ್ಯಾಡ ಬಿಡ್ರಿ ಸಾಹೇಬ್ರ, ಹೋದ ಸಲ ತಡಕೊಂಡೇನಲ್ಲ ಅಂದರು, ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು, ಸರ್, ಅಂದಳು, ತನ್ನ ದನಿ ತನಗೇ ಬೇರೆಯವರದು ಅನಿಸಿತು, ಸರ್, ಆ ನಾಕು ನಾನಽ ಬರದದ್ದು, ಅವರನ್ನ ಕೇಳಿರ್ಲಿಲ್ಲ, ಅವರು ಕೈ ಎತ್ತಿದ್ರು, ನಾಕು ನಿಮಿಷ ಎತ್ತಿ ಹಿಡಿದಿದ್ರು, ನಾ ನೋಡಿದೆ, ನೋಡಿನೂ ನಿಲ್ಲಸಲಿಲ್ಲ, ಫೋನ್ ನೋಡಕೋತ ನಿಂತಿದ್ದೆ, ಪೈಪೂ ಕೈಯಾಗ ಇರ್ಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಬೈಯಲಿಲ್ಲ, ಆಮ್ಯಾಲೆ ಮಾತಾಡೂಣು ಅಂದರು, ನಾಲ್ಕನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು, ಕಾಡವ್ವಾರ, ಖರೇ ಹೇಳ್ರಿ, ಹತ್ತರೊಳಗ ಎಷ್ಟಿತ್ತು, ಹತ್ತರ ಮ್ಯಾಲೆ ಇಲ್ಲೇನ್ರಿ ಅಂದರು ಕಾಡವ್ವ. ಆಮೇಲೆ ತಲೆ ಎತ್ತದೆಯೇ, ಅವರನ್ನ ಬೈಬ್ಯಾಡ್ರಿ ಸಾಹೇಬ್ರ, ಪಾಪ, ನಮ್ಮ ಮನಿತನಕ ಬಂದಿದ್ರು ಅಂದರು.

ಬೆಳ್ಳಿಹಾಳೆ ಬಿಚ್ಚಿದ ಮೇಲೆ ಹುಬ್ಬಿನ ಮೇಲೆ ಎರಡು ಕಡೆ ಸೂಜಿ, ಹಣೆಗೆ ಜೋಮು ಹಿಡಿಯುತ್ತದೆ, ಹಣಿಗೇನೂ ತಿಳಿಯೂದಿಲ್ಲ, ಕೆನ್ನಿ ಕುತಗಿ ಕೈಗೆ ಈ ಇಂಜೆಕ್ಷನ್ ಹತ್ತೂದಿಲ್ಲ, ಅಲ್ಲಿ ಗಾಳಿ, ನೀರು, ನಡುನಡುವ ನಿಲ್ಲಸೂದು, ಎಷ್ಟ ಸಲಾ ಆದ್ರೂ ನಿಲ್ಲಸ್ರಿ ಸಿಸ್ಟರ್ ಅಂದರು ಡಾಕ್ಟರು, ಅಂದು ಹೋಗಲಿಲ್ಲ, ಬಾಗಿಲ ಬಳಿ ನಿಂತರು, ಆಕೆಯನ್ನು ನಂಬಿ ಹೋಗುವ ಕಾಲ ಮುಗಿಯಿತು, ಸರಿಯೇ. ಲಿಂಗದ ಕರಡಿಗೆಯನ್ನು ಇವತ್ತು ಎಡ ರಟ್ಟೆಗೆ ಕಟ್ಟಿದ್ದಾಳೆ, ಕಾಡವ್ವನನ್ನು ಕೇಳಿಯೇ ಕಟ್ಟಿದ್ದು, ಮೈ ಬಿಟ್ಟಿಲ್ಲ, ಅಂಗೈ ಖಾಲಿ, ಇವತ್ತು ಆ ಕೈ ಮೇಲೆದ್ದರೆ ಬೇರೆ ಯಾವ ನೆವವೂ ಇಲ್ಲ. ಫೋನು ಹೊರಗಿನ ಮೇಜಿನ ಖಾನೆಯಲ್ಲಿದೆ. ದೀಪ ಹತ್ತಿತು, ಕೋಣೆ ಕೆಂಪಾಯಿತು, ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ, ಕುತ್ತಿಗೆಗೆ, ಮುಂಗೈಗೆ, ಮತ್ತೆ ಕೆನ್ನೆಗೆ, ಕಾಡವ್ವಾರ, ನಾ ಇಲ್ಲೇ ಅದೇನಿ, ನಿಮ್ಮ ಕೈ ನೋಡಾಕತ್ತೇನಿ, ಸ್ವಲ್ಪ ಉರಿದ್ರೂ ಎತ್ರಿ, ಹೂಂ ಅನ್ನುತ್ತಾರೆ ಕಾಡವ್ವ, ಒಂದು ನಿಮಿಷ, ಒಂದೂವರೆ, ಕುತ್ತಿಗೆಯ ನರ ಉಬ್ಬಿತು, ಕಾಲಿನ ಹೆಬ್ಬೆರಳು ಮಡಚಿಕೊಂಡಿತು, ಕೈ ನೋಡು, ಕೈ ನೋಡು, ಕೈ ಹಾಸಿಗೆಯ ಮೇಲಿದೆ, ನೀಲಿ ಬಟ್ಟೆಯ ಮೇಲೆ ಬಿಳಿಯ ಕೈ, ಎರಡು ನಿಮಿಷ, ಹೋದ ಸಲ ಇದೇ ಹೊತ್ತಿಗೆ ಎದ್ದದ್ದು, ಈಗ ಏಳುತ್ತದೆ, ಎದ್ದ ಕ್ಷಣವೇ ನಿಲ್ಲಿಸುತ್ತೇನೆ, ಏಳಲಿ, ಕಪ್ಪು ಕನ್ನಡಕದ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯುತ್ತಿದೆ, ಕಾಡವ್ವಾರ, ನಿಲ್ಲಸ್ಲೇನ್ರಿ, ಕೈ ಏಳಲಿಲ್ಲ, ಆಕೆಯೇ ಗುಂಡಿ ಒತ್ತಿ ದೀಪ ನಿಲ್ಲಿಸಿದಳು, ನೀರು ಸಿಂಪಡಿಸಿದಳು, ಯಾಕ ನಿಲ್ಲಸಿದ್ರಿ ಅನ್ನುತ್ತಾರೆ ಕಾಡವ್ವ, ನಾ ಕೈ ಎತ್ತಿಲ್ಲಲ್ಲ. ಎತ್ರಿ, ಎತ್ತಿದ್ರ ನಾ ನಿಲ್ಲಸ್ತೇನಿ, ಆಣಿ ಮಾಡಿ ಹೇಳ್ತೇನಿ. ಆತು ಬಿಡ್ರಿ ಯವ್ವಾ, ಹಚ್ಚರಿ. ಮತ್ತೆ ದೀಪ, ಮೂರು ನಿಮಿಷ, ತುಟಿಯ ಮೇಲೆ ಮತ್ತೆ ಹಲ್ಲು, ಅದೇ ಜಾಗದಲ್ಲಿ, ಕೈ ಏಳಲಿಲ್ಲ, ಮತ್ತೆ ನಿಲ್ಲಿಸಿದಳು, ನೀರು, ಗಾಳಿ, ಮತ್ತೆ ದೀಪ, ನಾಲ್ಕು, ಎಡಗೈ ಅಲುಗಿತು, ಈಗ, ಬೆರಳುಗಳು ಬಿಚ್ಚಿಕೊಂಡವು, ಈಗ ಏಳುತ್ತದೆ, ಬೆರಳುಗಳು ಹಾಸಿಗೆಯ ಬಟ್ಟೆಯನ್ನು ಹುಡುಕಿ ಎಳೆದು ಮುದ್ದೆ ಮಾಡಿ ಹಿಡಿದುಕೊಂಡವು, ಎತ್ರಿ ಕಾಡವ್ವಾರ, ಗೆಣ್ಣುಗಳು ಇನ್ನೂ ಬಿಳಿಯಾದವು, ಐದು ನಿಮಿಷ, ಖಾಲಿ ಕೈ, ನೀಲಿ ಬಟ್ಟೆ, ಮುಷ್ಟಿ, ಕೈ ಏಳುವುದಿಲ್ಲ.